ಕುದುರೆ ಬಾಲದ ಪೋಸ್ಟ್‌ಡಾಕ್

ಡಾಕ್ಟರೇಟ್ ಮುಗಿಸಿದವನಿಗೆ ಬುದ್ಧಿ ಇರುತ್ತದೆ ಎಂದು ಲೋಕ ನಂಬಿಕೊಂಡು ಬಂದಿದೆ. ಅಲ್ಮಾಟಿ ನಗರದ ಆಚೆಗಿರುವ ಅಕ್‌ಬುಲಾಕ್ ಹಳ್ಳಿಯೂ ಹಾಗೇ ನಂಬಿತ್ತು, ಆ ಊರಿನ ಮೊಟ್ಟಮೊದಲ ಡಾಕ್ಟರೇಟು ಜೊಲಾಮನ್ ಅಡುಗೆಮನೆಯ ಕತ್ತರಿ ಹಿಡಿದು ಹೊಳೆದಂಡೆಗೆ ಇಳಿಯುವವರೆಗೆ. ಅವತ್ತು ಸಂಜೆಯೊಳಗೆ ಗಟ್ಟಿಮುಟ್ಟಾಗಿದ್ದ ಒಬ್ಬ ಮನುಷ್ಯ ಸತ್ತ, ಸತ್ತವನು ಮನೆಗೆ ಬಂದು ತನಗಾಗಿ ತಾನೇ ಗೊಳೋ ಎಂದು ಅತ್ತ, ಅವನ ತಿಥಿಯ ಊಟವನ್ನು ಅವನೇ ಬಡಿಸಿದ. ಇಷ್ಟಕ್ಕೆಲ್ಲ ಕಾರಣ ಒಂಟೆ ಸಿಡುಬು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ಕೇಳಿ.

ಜೊಲಾಮನ್ ಅಲ್ಮಾಟಿಯ ಒಂದು ವೈರಾಣು ಸಂಶೋಧನಾಲಯದಲ್ಲಿ ಕೆಲಸಕ್ಕಿದ್ದ. ಒಂಟೆಗಳಿಗೆ ಸಿಡುಬು ತರುವ ವೈರಾಣುವಿನ ಒಂದು ಪ್ರೋಟೀನಿನ ಹಿಂದೆ ಬಿದ್ದು ತಲೆಗೂದಲನ್ನೆಲ್ಲ ಕಳೆದುಕೊಂಡಿದ್ದ. ಆ ಪ್ರೋಟೀನಿನ ಆಕಾರ ಗೊತ್ತಾದರೆ ಅದನ್ನು ಕಟ್ಟಿಹಾಕುವ ಔಷಧಿಯನ್ನೂ ಹುಡುಕಬಹುದು. ಆಕಾರ ಗೊತ್ತಾಗಬೇಕಾದರೆ ಅದು ಹರಳುಗಟ್ಟಬೇಕು, ಹರಳಿಗೆ ಎಕ್ಸ್‌ರೇ ಹಾಯಿಸಬೇಕು. ಆದರೆ ಅದು ಹರಳುಗಟ್ಟುತ್ತಿರಲಿಲ್ಲ. ಜೊಲಾಮನ್ ಉಪ್ಪು ಹಾಕಿದ, ಹುಳಿ ಹಾಕಿದ, ತಣ್ಣಗೆ ಮಾಡಿದ, ಬೆಚ್ಚಗೆ ಮಾಡಿದ. ಒಮ್ಮೆ ಕೈಮುಗಿದು ಬೇಡಿಕೊಂಡದ್ದನ್ನೂ ಪಕ್ಕದ ಮೇಜಿನ ರೌಶಾನ್ ಕಣ್ಣಾರೆ ನೋಡಿದ್ದಳು. ಪ್ರೋಟೀನು ಮಾತ್ರ ಮುದ್ದೆಮುದ್ದೆಯಾಗಿ ಮುಖ ಊದಿಸಿಕೊಂಡು ಕೂತಿತ್ತು.

ಹೀಗಿರುವಾಗ ಚೆಕ್ ದೇಶದ ಬ್ರ್ನೋ ಊರಿನಿಂದ ಪ್ರೊಫೆಸರ್ ಹಾನಾ ಎಂಬವರು ಬರೆದರು. ವೈರಾಣುಗಳ ರಚನೆ ಬಿಡಿಸುವುದರಲ್ಲಿ ಆಕೆಯದು ದೊಡ್ಡ ಹೆಸರು. ಅವರ ಪ್ರಯೋಗಾಲಯದಲ್ಲಿ ಒಂದೇ ಒಂದು ಪೋಸ್ಟ್‌ಡಾಕ್ ಜಾಗ, ಎಂದರೆ ಡಾಕ್ಟರೇಟಿನ ನಂತರದ ಸಂಶೋಧನೆಯ ಕೆಲಸ, ಖಾಲಿ ಇತ್ತು, ಕೊನೆಯ ಸುತ್ತಿನಲ್ಲಿ ಇಬ್ಬರು ಉಳಿದಿದ್ದರು. ಇನ್ನೊಬ್ಬನ ಹತ್ತಿರ ಆಗಲೇ ಹರಳು ಇತ್ತು. 'ಗುರುವಾರ ಸಂಜೆ ವಿಡಿಯೋದಲ್ಲಿ ಮಾತಾಡೋಣ. ನಿಮ್ಮ ಪ್ರೋಟೀನು ಅವನದಕ್ಕಿಂತ ಸ್ವಾರಸ್ಯವಾದದ್ದು. ಒಂದು ಹರಳು ತೋರಿಸಿ, ಜಾಗ ನಿಮ್ಮದು' ಎಂದು ಬರೆದು, ಕೆಳಗೆ ಒಂದು ಉಪಾಯವನ್ನೂ ಸೇರಿಸಿದ್ದರು. ಹಾಲಿಗೆ ಹೆಪ್ಪು ಹಾಕುವುದಿಲ್ಲವೇ, ಹಾಗೆ: ಒಂದು ಒರಟು ಕೂದಲನ್ನು ಹಳೆಯ ಮುದ್ದೆಗೆ ತಾಗಿಸಿ ಪ್ರೋಟೀನಿನ ಹೊಸ ಹನಿಯ ಮೇಲೆ ಎಳೆಯಬೇಕು, ಅದರ ಜಾಡಿನಲ್ಲಿ ಹರಳು ಏಳುತ್ತದೆ. ಬೆಕ್ಕಿನ ಮೀಸೆ ಒಳ್ಳೆಯದು. ಕುದುರೆ ಬಾಲದ ಕೂದಲು ಇನ್ನೂ ಒಳ್ಳೆಯದು.

ಜೊಲಾಮನ್ ಕುರ್ಚಿಯಿಂದ ಹಾರಿ ಎದ್ದ. ಮನುಷ್ಯರ ಕೂದಲು ಮೆತ್ತಗಾಯಿತು, ಅವನ ತಲೆಯಲ್ಲಿ ಅದೂ ಇರಲಿಲ್ಲ. ಕೆಳಮನೆಯ ಬೆಕ್ಕನ್ನು ಹಿಡಿಯಲು ಹೋಗಿ ಮೂಗಿನ ಮೇಲೆ ಪರಚಿಸಿಕೊಂಡು ಬಂದ. ಉಳಿದದ್ದು ಕುದುರೆ. ಕುದುರೆ ಎಂದರೆ ಅಕ್‌ಬುಲಾಕ್‌ನಲ್ಲಿರುವ ಸಪರ್‌ಗಲಿ ದೊಡ್ಡಪ್ಪ, ದೊಡ್ಡಪ್ಪ ಎಂದರೆ ತುಲ್ಪಾರ್. ಆ ಬೂದು ಕುದುರೆಯನ್ನು ದೊಡ್ಡಪ್ಪ ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡುತ್ತಾರೆಂದು ಮಕ್ಕಳೇ ದೂರುತ್ತಿದ್ದರು. ಪಕ್ಕದ ಮನೆಯ ತುರ್ಸಿಂಬೆಕ್ ಯಾವುದೋ ಮದುವೆಯಲ್ಲಿ "ನಿಮ್ಮ ಕುದುರೆ ಹಿಂದಿನಿಂದ ನೋಡಿದ್ರೆ ಕತ್ತೆ ಥರ ಕಾಣುತ್ತೆ" ಎಂದುಬಿಟ್ಟ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಬುಧವಾರ ಜೊಲಾಮನ್ ಫೋನು ಮಾಡಿದಾಗ ಎತ್ತಿದವರು ದೊಡ್ಡಮ್ಮ ಬೀಕೆನ್.

"ಡಾಕ್ಟರ್ ಆಗಿದ್ದೀಯಲ್ಲೋ, ಅದರ ಮೇಲೆ ಇನ್ನೇನು ಆಗ್ತೀಯ?"

"ಪೋಸ್ಟ್‌ಡಾಕ್, ದೊಡ್ಡಮ್ಮ."

"ಪೋಸ್ಟಾ? ಅಂಚೆ ಕಚೇರಿಯಲ್ಲಾ?"

"ಅಲ್ಲ ದೊಡ್ಡಮ್ಮ, ಅದೇ ಬೇರೆ, ಇದೇ ಬೇರೆ."

"ಹಾಗಾದ್ರೆ ಗಡಿ ಕಾಯೋ ಪೋಸ್ಟು! ಅಯ್ಯೋ ನನ್ನ ಕಂದ, ಆ ಚಳೀಲಿ ಬಂದೂಕು ಹಿಡ್ಕೊಂಡು ನಿಲ್ತೀಯಾ? ಉಣ್ಣೆ ಕಾಲುಚೀಲ ಹೆಣೀತೀನಿ ತಾಳು."

ದೊಡ್ಡಮ್ಮ ಉಣ್ಣೆ ಹುಡುಕಲು ಒಳಗೆ ಓಡಿದರು. ದೊಡ್ಡಪ್ಪ ಫೋನು ತೆಗೆದುಕೊಂಡು, ತುಲ್ಪಾರ್‌ನ ಬಾಲದ ಒಂದು ಕೂದಲು ಬೇಕೆಂಬ ಮಾತು ಕೇಳಿ ಹಿಗ್ಗಿದರು. "ಕೂದಲು ಬೇಕಾ? ತಗೋ, ನಮ್ಮ ತುಲ್ಪಾರ್ ವಿಜ್ಞಾನಕ್ಕೆ ಆಗಿಬರಲಿ. ನಾಳೆ ಬೆಳಿಗ್ಗೆನೇ ನಾನು ಹಲ್ಲು ಕಟ್ಟಿಸ್ಕೊಳ್ಳೋಕೆ ಪೇಟೆಗೆ ಹೋಗ್ತೀನಿ. ಅವನನ್ನ ಹೊಳೆ ಆಚೆ ಕಟ್ಟಿರ್ತೀನಿ." ಆಮೇಲೆ ಅವರು ಇನ್ನೂ ಏನೋ ಹೇಳಿದರು, ಬಹಳ ಹೊತ್ತು ಹೇಳಿದರು. ಜೊಲಾಮನ್‌ನ ಕಿವಿ ಫೋನಿನಲ್ಲಿತ್ತು, ಕಣ್ಣು ಮಾತ್ರ ಪ್ರೊಫೆಸರರ ಪತ್ರದ ಮೇಲಿತ್ತು. 'ಬಾಲ' ಎಂಬ ಒಂದು ಮಾತು ಒಳಗೆ ಇಳಿಯಿತು, 'ಕತ್ತರಿ' ಎಂಬ ಇನ್ನೊಂದು ಮಾತು ಇಳಿಯಿತು. ಮಧ್ಯದ್ದೆಲ್ಲ ಗಾಳಿಗೆ ಹೋಯಿತು.

"ಕೇಳಿಸ್ತೇನೋ?"

"ಹ್ಞೂಂ ದೊಡ್ಡಪ್ಪ, ಕೇಳಿಸ್ತು."

ಅದಕ್ಕೇ ಗುರುವಾರ ಬೆಳಿಗ್ಗೆ ಅವನು ಕತ್ತರಿ ತಂದಿದ್ದ.

ತುಲ್ಪಾರ್ ಹುಲ್ಲು ಮೇಯುತ್ತಿತ್ತು. ಜೊಲಾಮನ್ ಹಿಂದಿನಿಂದ ಹೋಗಿ, ಬಾಲವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಅದರಲ್ಲಿ ಒಂದೇ ಒಂದು ಒಳ್ಳೆಯ ಕೂದಲನ್ನು ಆರಿಸಿ, ಕತ್ತರಿ ಬಾಯಿ ತೆರೆದ. ಅದೇ ಗಳಿಗೆಗೆ ಒಂದು ನೊಣ ಕುದುರೆಯ ತೊಡೆ ಕಚ್ಚಿತು. ಕುದುರೆ ಬಾಲ ಬೀಸಿತು, ಜೊಲಾಮನ್ ಹೆದರಿ ಕೈ ಬಿಗಿ ಮಾಡಿದ, ಕತ್ತರಿ ಬಾಯಿ ಮುಚ್ಚಿತು. ಕಣ್ಣು ಬಿಟ್ಟು ನೋಡಿದರೆ ಕೈಯಲ್ಲಿ ಒಂದು ಕೂದಲಲ್ಲ, ಒಂದು ಬಾಲವೇ ಇತ್ತು. ಕುದುರೆಯ ಹಿಂದೆ ಪೊರಕೆಯ ಮೋಟಿನಂಥದ್ದೊಂದು ಉಳಿದಿತ್ತು. ಕುದುರೆ ತಿರುಗಿ ನೋಡಿತು. ಆ ನೋಟವನ್ನು ತಾಳಲಾರದೆ ಡಾಕ್ಟರ್ ಜೊಲಾಮನ್ ಬಾಲವನ್ನು ಚೀಲಕ್ಕೆ ತುರುಕಿಕೊಂಡು, ಯಾರ ಮನೆಗೂ ಹೋಗದೆ, ಮಿನಿ ಬಸ್ಸಿಗೆ ಓಡಿದ. ಅವನ ಹಿಂದೆಯೇ ಕುದುರೆ ಗೂಟ ಕಿತ್ತುಕೊಂಡು ಊರಿನತ್ತ ಓಡಿತು.

ಯಜಮಾನ ಸತ್ತರೆ ಅವನ ಕುದುರೆಯ ಬಾಲ ಕತ್ತರಿಸಿ ಬಿಡುವುದು ನಮ್ಮ ಹಿಂದಿನವರ ಪದ್ಧತಿ. ಈಗ ಯಾರೂ ಹಾಗೆ ಮಾಡುವುದಿಲ್ಲ, ಆದರೆ ಮರೆತವರೂ ಯಾರೂ ಇಲ್ಲ. ಪೇಟೆಯಲ್ಲಿ ಓದಿದ ಜೊಲಾಮನ್‌ಗೆ ಮಾತ್ರ ಅದು ಗೊತ್ತಿರಲಿಲ್ಲ.

ಊರಬೀದಿಯಲ್ಲಿ ಮೋಟು ಬಾಲದ ತುಲ್ಪಾರನ್ನು ಮೊದಲು ಕಂಡವನು ತುರ್ಸಿಂಬೆಕ್. ಅವನ ಕೈಯಲ್ಲಿದ್ದ ಚಹಾದ ಬಟ್ಟಲು ಕೆಳಗೆ ಬಿತ್ತು. "ಓಯ್, ಬೌರಿಮ್!" ಎಂದು ಎದೆ ಹೊಡೆದುಕೊಂಡ. ಅಯ್ಯೋ ನನ್ನ ಕರುಳೇ ಎಂದು ಸತ್ತವರಿಗಾಗಿ ಗಂಡಸರು ಇಡುವ ಆ ಕೂಗು ಕೇಳಿದ್ದೇ ತಡ, ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಎಲ್ಲರೂ ಸಪರ್‌ಗಲಿಯ ಅಂಗಳಕ್ಕೆ ಕೂಗುತ್ತ ಓಡಿ ಬಂದರು.

ಹಾಲು ಕಾಯಿಸುತ್ತಿದ್ದ ಬೀಕೆನ್ ದೊಡ್ಡಮ್ಮ ಹೊರಗೆ ಬಂದು, "ಯಾರ್ರೋ ಹೋಗಿದ್ದು?" ಎಂದರು.

"ನಿಮ್ಮೋರೇ ಜೆಂಗೆ, ನಿಮ್ಮೋರೇ!" ಎಂದ ತುರ್ಸಿಂಬೆಕ್. ಅತ್ತಿಗೆಗೆ ನಮ್ಮಲ್ಲಿ ಜೆಂಗೆ ಎನ್ನುತ್ತಾರೆ; ಮಾತು ಬಿಟ್ಟ ಮೇಲೆ ಅವನು ಆಕೆಯನ್ನು ಹಾಗೆ ಕರೆದದ್ದು ಅದೇ ಮೊದಲು. "ಬಾಲ ನೋಡಿ!"

ದೊಡ್ಡಮ್ಮ ಬಾಲ ನೋಡಿದರು. ಗಂಡನಿಗೆ ಫೋನು ಮಾಡಿದರು. ಫೋನು ಒಳಗಿನ ದಿಂಬಿನ ಕೆಳಗೆ ಗಣಗಣ ಅಂದಿತು. "ಅಯ್ಯೋ, ಫೋನನ್ನೂ ಬಿಟ್ಟು ಹೋದರಲ್ಲ, ಮೊದಲೇ ಗೊತ್ತಿತ್ತೋ ಏನೋ!" ಎಂದು ಕುಸಿದು ಕೂತರು.

ಇಂಥ ಹೊತ್ತಿನಲ್ಲಿ ಸರ್ಕಾರ ಸುಮ್ಮನಿರಬಾರದು. ಊರಿನ ಆಡಳಿತಾಧಿಕಾರಿ ಅಕಿಮ್ ಸಾಹೇಬರು ಟೋಪಿ ಸರಿಮಾಡಿಕೊಂಡು ಬಂದು, ಎಲ್ಲರೂ ಕೇಳುವಂತೆ ಸ್ಪೀಕರ್ ಹಾಕಿ, ಹಲ್ಲಿನ ಆಸ್ಪತ್ರೆಗೆ ಅಧಿಕೃತವಾಗಿ ಫೋನು ಮಾಡಿದರು.

"ನಮ್ಮೂರ ಸಪರ್‌ಗಲಿ ಅಲ್ಲಿಗೆ ಬಂದಿದ್ರಾ?"

"ಬಂದಿದ್ರು. ಅವರದ್ದು ಮುಗೀತು," ಎಂದಿತು ಹುಡುಗಿಯ ದನಿ. "ಈಗ ತಾನೇ ಹೋದ್ರು."

ಅಂಗಳದಲ್ಲಿ ಹಾಹಾಕಾರವೆದ್ದಿತು. ಅಕಿಮ್ ಸಾಹೇಬರು ಕೈಯೆತ್ತಿ ಸದ್ದಡಗಿಸಿ, ಗಂಟಲು ಸರಿಮಾಡಿಕೊಂಡು ಕೇಳಿದರು: "ಹೋಗುವಾಗ... ತುಂಬ ನೋವಾಯ್ತಾ?"

"ಏನೂ ಇಲ್ಲ ಸಾರ್. ಇಂಜೆಕ್ಷನ್ ಕೊಟ್ಟಿದ್ವಲ್ಲ, ಅವರಿಗೆ ಏನೂ ಗೊತ್ತಾಗಲೇ ಇಲ್ಲ. ಆರಾಮಾಗಿ ಹೋದ್ರು."

ಇನ್ನು ಅನುಮಾನಕ್ಕೆ ಜಾಗವೆಲ್ಲಿ? ಅಂಗಳದಲ್ಲಿ ಡೇರೆ ಎದ್ದಿತು, ಒಲೆಯ ಮೇಲೆ ಹಂಡೆ ಕೂತಿತು, ಒಂದು ಕುರಿ ಈ ಲೋಕವನ್ನು ನಿಜವಾಗಿಯೂ ಬಿಟ್ಟಿತು.

ಅತ್ತ ಪ್ರಯೋಗಾಲಯದಲ್ಲಿ ಜೊಲಾಮನ್ ಬಾಲದಿಂದ ಒಂದು ಕೂದಲು ಎಳೆದು, ಹಳೆಯ ಮುದ್ದೆಗೆ ತಾಗಿಸಿ, ಉಸಿರು ಬಿಗಿಹಿಡಿದು ಹೊಸ ಹನಿಗಳ ಮೇಲೆ ಗೆರೆ ಎಳೆದಿದ್ದ. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೂತಿದ್ದಾಗ ದೊಡ್ಡಮ್ಮನ ಫೋನು ಬಂದಿತು.

"ನಿಮ್ಮ ದೊಡ್ಡಪ್ಪ ಹೋಗ್ಬಿಟ್ರು ಕಣೋ! ತುಲ್ಪಾರ್ ಬಾಲ ಕತ್ತರಿಸಿ ಆಯ್ತು!"

ನೋಡಿ, ಇಲ್ಲಿ ಒಬ್ಬ ಬುದ್ಧಿವಂತ ಎರಡೂ ಮಾತನ್ನು ಸೇರಿಸಿ ನೋಡಬೇಕಿತ್ತು. ಜೊಲಾಮನ್ ಸೇರಿಸಿಯೇ ನೋಡಿದ. ಅವನಿಗೆ ಹೊಳೆದದ್ದು ಇಷ್ಟು: ಬಾಲ ಹೋದ ಸುದ್ದಿ ಕೇಳಿ ದೊಡ್ಡಪ್ಪನ ಎದೆ ಒಡೆದಿದೆ, ಕೊಂದವನು ನಾನೇ! ಅವನು ಅಳುತ್ತಾ ಎದ್ದು, "ರೌಶಾನ್, ಹನಿ ನೋಡ್ಕೋ! ನಾನು ಕೊಲೆಗಾರ!" ಎಂದು ಕೂಗಿ, ಬಾಲವಿದ್ದ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲಿಗೆ ಓಡಿದ.

"ಮೊದಲು ಸಂದರ್ಶನ ಮುಗಿಸು, ಆಮೇಲೆ ಕೊಲೆಗಾರನಾಗು!" ಎಂದು ರೌಶಾನ್ ಹಿಂದಿನಿಂದ ಕೂಗಿದಳು. ಅಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ಅಕ್‌ಬುಲಾಕ್ ತಲುಪಿದಾಗ ಅಂಗಳ ತುಂಬಿತ್ತು. ಗಂಡಸರು ಸಾಲಾಗಿ ನಿಂತಿದ್ದರು, ಬಂದವರನ್ನು ತಬ್ಬಿ ತಬ್ಬಿ ಅಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವನು ತುರ್ಸಿಂಬೆಕ್: "ಕತ್ತೆ ಅಂದ್ಬಿಟ್ಟೆನಲ್ಲೋ! ಅಂಥಾ ಕುದುರೇನ ಕತ್ತೆ ಅಂದ್ಬಿಟ್ಟೆನಲ್ಲೋ! ನಾನೇ ಕತ್ತೆ!" ಜೊಲಾಮನ್ ಹೋಗಿ ಅವನ ಹೆಗಲಿಗೆ ಒರಗಿದ. ಅಷ್ಟು ಹೊತ್ತಿಗೆ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎತ್ತಿದರೆ ಪರದೆಯ ಮೇಲೆ ಬೆಳ್ಳಿ ಕೂದಲ ಪ್ರೊಫೆಸರ್ ಹಾನಾ.

ಪ್ರೊಫೆಸರ್ ಶಾಲೆಯಲ್ಲಿ ರಷ್ಯನ್ ಕಲಿತವರು, ಹಾಗಾಗಿ ಅಂಗಳದ ಎಲ್ಲರಿಗೂ ಅವರ ಮಾತು ಅರ್ಥವಾಗುತ್ತಿತ್ತು. "ಜೊಲಾಮನ್, ಏನಿದು ಗಲಾಟೆ? ಹರಳು ಬಂತೇ?"

"ಮೇಡಂ, ನಮ್ಮ ದೊಡ್ಡಪ್ಪ ತೀರ್ಕೊಂಡ್ರು."

"ಅಯ್ಯೋ ಪಾಪ, ನನಗೆ ತಿಳಿದಿರಲಿಲ್ಲ..." ಎಂದು ಅವರು ಕನ್ನಡಕ ತೆಗೆದರು.

ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ಒಂದು ಟ್ಯಾಕ್ಸಿ ನಿಂತಿತು. ಒಳಗಿಂದ ಗಲ್ಲಕ್ಕೆ ಶಾಲು ಸುತ್ತಿಕೊಂಡು, ಒಂದು ಕೆನ್ನೆ ಊದಿಸಿಕೊಂಡ ಮುದುಕನೊಬ್ಬ ಇಳಿದ. ತನ್ನ ಮನೆಯ ಮುಂದೆ ಡೇರೆ, ಹೊಗೆ, ಅಳುವ ಜನ. ಸಪರ್‌ಗಲಿ ಟ್ಯಾಕ್ಸಿಯ ಬಾಗಿಲನ್ನೂ ಮುಚ್ಚಲಿಲ್ಲ. ಬೀಕೆನ್ ಹೋದಳು ಎಂದುಕೊಂಡರು. ಅರಿವಳಿಕೆಯಿಂದ ಜೋಮು ಹಿಡಿದ ಬಾಯಲ್ಲೇ "ಓಯ್, ಬೌಲಿಮ್! ಬೌಲಿಮ್!" ಎಂದು ಕೂಗುತ್ತಾ ಎಡವುತ್ತಾ ಓಡಿ ಬಂದು, ಸಾಲಿನಲ್ಲಿ ಮೊದಲು ಸಿಕ್ಕಿದ ತುರ್ಸಿಂಬೆಕ್‌ನನ್ನು ತಬ್ಬಿಕೊಂಡು ಅತ್ತರು. ತುರ್ಸಿಂಬೆಕ್ ಕಣ್ಣು ಮುಚ್ಚಿಕೊಂಡು ಅವರ ಬೆನ್ನು ತಟ್ಟಿದ. ಅವರು ಅಕಿಮ್ ಸಾಹೇಬರನ್ನು ತಬ್ಬಿ ಅತ್ತರು. ಜೊಲಾಮನ್‌ನನ್ನು ತಬ್ಬಿ ಅತ್ತರು. ಜೊಲಾಮನ್ ಕೂಡ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಲ್ಲಿ ಅವರನ್ನು ತಬ್ಬಿ, "ಸಮಾಧಾನ ಮಾಡ್ಕೊಳ್ಳಿ ತಾತ" ಎಂದ.

"ಯಾಲಪ್ಪಾ ಥತ್ತಿದ್ದು?"

"ಸಪರ್‌ಗಲಿ ದೊಡ್ಡಪ್ಪ!"

"ಅಯ್ಯೋ, ಥಪಲ್‌ಗಲಿ!" ಎಂದು ಮುದುಕ ತಲೆ ಚಚ್ಚಿಕೊಂಡು ಇನ್ನೊಂದು ಸುತ್ತು ಅತ್ತ. ಸ್ವಲ್ಪ ಹೊತ್ತಾದ ಮೇಲೆ ಅಳು ನಿಧಾನವಾಯಿತು. "ಯಾವ ಥಪಲ್‌ಗಲಿ?"

"ಇದೇ ಮನೆಯ..." ಎನ್ನುತ್ತಾ ಜೊಲಾಮನ್ ಅವರ ಮುಖ ನೋಡಿದ. ಶಾಲು ಜಾರಿತ್ತು. ಬಾಯಿ ತುಂಬ ಹೊಸ ಹಲ್ಲು ಫಳಫಳ ಹೊಳೆಯುತ್ತಿತ್ತು.

ಅಂಗಳಕ್ಕೆ ಅಂಗಳವೇ ಬಾಯಿ ಬಿಟ್ಟುಕೊಂಡು ನಿಂತಿತು. ದೊಡ್ಡಪ್ಪನಿಗೆ ಪರಿಸ್ಥಿತಿ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಒಳ್ಳೆಯ ಸುದ್ದಿಯನ್ನು ಮೊದಲು ತಂದವನು "ಸುಯಿನ್ಶಿ!" ಎಂದು ಕೂಗಿ ಉಡುಗೊರೆ ಕೇಳುವುದು ನಮ್ಮಲ್ಲಿ ಹಕ್ಕು. ಸಪರ್‌ಗಲಿ ಆ ಹಕ್ಕನ್ನು ಬಿಟ್ಟುಕೊಡುವ ಪೈಕಿ ಅಲ್ಲ. ಯಾರಿಗೂ ಬಾಯಿ ತೆರೆಯಲು ಬಿಡದೆ ಮನೆಯ ಬಾಗಿಲಿಗೆ ನುಗ್ಗಿ ಕೂಗಿದರು:

"ಥುಯಿನ್ಶಿ, ಬೀಕೆನ್! ನಿನ್ನ ಗಂಡ ಬದುಕಿದ್ದಾನೆ! ಏನು ಕೊಡ್ತೀಯ?"

ದೊಡ್ಡಮ್ಮ ಎದ್ದು ಬಂದು ಅವರನ್ನು ಮುಟ್ಟಿ ನೋಡಿದರು, ತಟ್ಟಿ ನೋಡಿದರು, ಆಮೇಲೆ ಸೌಟಿನಿಂದ ಒಂದು ಏಟು ಕೊಟ್ಟರು. "ಫೋನು ತಗೊಂಡು ಹೋಗೋಕೆ ಏನಾಗಿತ್ತು ನಿಮಗೆ!" ಎಂದು ಎದೆಗೆ ಒರಗಿ ಅತ್ತರು. ಅವತ್ತಿಡೀ ಬಿದ್ದ ಕಣ್ಣೀರಿನಲ್ಲಿ ಅದೇ ಸಿಹಿಯಾದದ್ದು.

ಅಕಿಮ್ ಸಾಹೇಬರು ಮಾತ್ರ ಜೇಬಿನಿಂದ ಕಾಗದ ತೆಗೆದು ಚಡಪಡಿಸುತ್ತಿದ್ದರು. "ಶ್ರದ್ಧಾಂಜಲಿ ಭಾಷಣ ಸಿದ್ಧ ಮಾಡ್ಕೊಂಡು ಬಂದಿದ್ದೆ..."

"ಓದಿ, ಓದಿ," ಎಂದು ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಕೂತರು. "ಜೋಲಾಗಿ ಓದಿ."

ಈ ಸಡಗರದಲ್ಲಿ ಫೋನಿನೊಳಗಿನ ಪ್ರೊಫೆಸರರನ್ನು ಎಲ್ಲರೂ ಮರೆತಿದ್ದರು. ಅವರು ಕನ್ನಡಕ ಮತ್ತೆ ಹಾಕಿಕೊಂಡಿದ್ದರು, ಮುಖ ಬಿಗಿದಿತ್ತು.

"ಜೊಲಾಮನ್, ಹರಳು ಬರಲಿಲ್ಲ ಎಂದು ನೇರವಾಗಿ ಹೇಳಬಹುದಿತ್ತು. ಅದಕ್ಕಾಗಿ ದೊಡ್ಡಪ್ಪನನ್ನು ಸಾಯಿಸಬೇಕಾಗಿರಲಿಲ್ಲ. ಇಷ್ಟು ಜನರನ್ನು ಕರೆಸಿ ನಾಟಕ ಬೇರೆ! ನಾನು ಇನ್ನೊಬ್ಬ ಅಭ್ಯರ್ಥಿಗೆ ಬರೆದುಬಿಡುತ್ತೇನೆ."

ಜೊಲಾಮನ್ ಫೋನನ್ನು ಮುಖದ ಹತ್ತಿರ ಹಿಡಿದ. "ಇಲ್ಲ ಮೇಡಂ, ನಿಜವಾಗ್ಲೂ ಸತ್ತಿದ್ರು! ಅಂದ್ರೆ ಸತ್ತಿರ್ಲಿಲ್ಲ, ಆದ್ರೆ ಸತ್ತಿದ್ರು! ಆಸ್ಪತ್ರೆಯವರೇ ಹೋದ್ರು ಅಂದ್ರು! ಕುದುರೆ ಬಾಲ..." ಎಂದು ತೊದಲುತ್ತಾ ಚೀಲಕ್ಕೆ ಕೈ ಹಾಕಿ ಬಾಲವನ್ನೇ ಹೊರಗೆ ಎಳೆದ.

ದೊಡ್ಡಪ್ಪ ಕುರ್ಚಿಯಿಂದ ಎದ್ದರು. ಮೊದಲು ಬಾಲ ನೋಡಿದರು. ಬೇಲಿಯ ಪಕ್ಕ ನಿಂತಿದ್ದ ತುಲ್ಪಾರ್‌ನ ಹಿಂಭಾಗ ನೋಡಿದರು. ಕೊನೆಗೆ ಜೊಲಾಮನ್‌ನ ಕೊರಳಪಟ್ಟಿ ಹಿಡಿದು, ಅರ್ಧ ಜೋಮು ಇಳಿದ ನಾಲಿಗೆಯಲ್ಲಿ ಗುಡುಗಿದರು.

"ಒಂದು ಕೂದಲು ಕೇಳಿದ್ಯಲ್ಲೋ!"

"ಒಂದೇ ದೊಡ್ಡಪ್ಪ, ಬೇಕಾಗಿದ್ದು ಒಂದೇ!"

"ಬಾಲದಿಂದ ಕೈಯಲ್ಲಿ ಎಳ್ಕೋ, ಕತ್ತಲಿ ಮಾತ್ಲ ಮುಟ್ಟಿಸ್ಬೇಡ, ಮುಟ್ಟಿಸಿದ್ಲೆ ನಾನು ಸತ್ತೆ ಅಂತ ಊಲೆಲ್ಲ ಅಳುತ್ತೆ ಅಂತ ನಿನ್ನೆ ಫೋನಲ್ಲಿ ಬಾಯಿ ಬಡ್ಕೊಂಡೆನಲ್ಲೋ! ಕೇಳಿಸ್ತಾ ಅಂದ್ಲೆ ಹ್ಞೂಂ ಅಂದೆ!"

"ಮೇಡಂ, ನೋಡಿದ್ರಾ? ನೀವೇ ಹೇಳಿದ್ರಿ, ಕುದುರೆ ಬಾಲ ಒಳ್ಳೇದು ಅಂತ!" ಎಂದು ಜೊಲಾಮನ್ ಕತ್ತು ಹಿಸುಕಿಸಿಕೊಂಡೇ ಕೂಗಿದ.

ಪ್ರೊಫೆಸರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಇನ್ನೊಂದು ಕರೆ ನುಗ್ಗಿ ಬಂದು, ಜೊಲಾಮನ್‌ನ ಹೆಬ್ಬೆರಳು ಎಲ್ಲೋ ತಗುಲಿ, ಪರದೆಯಲ್ಲಿ ಪ್ರೊಫೆಸರರ ಪಕ್ಕದಲ್ಲೇ ರೌಶಾನ್‌ಳ ಮುಖ ಮೂಡಿತು. ಅವಳು ಕುಣಿಯುತ್ತಿದ್ದಳು.

"ಸುಯಿನ್ಶಿ! ಸುಯಿನ್ಶಿ! ಬಂತು ಕಣೋ ಕೊಲೆಗಾರ! ನೀನು ಕೂದಲು ಎಳೆದ ಗೆರೆ ಉದ್ದಕ್ಕೂ ಬಂದಿದೆ!" ಎಂದು ಫೋನನ್ನು ಸೂಕ್ಷ್ಮದರ್ಶಕದ ಬಾಯಿಗೆ ಹಿಡಿದಳು.

ಅಂಗಳದ ಜನ ಒಬ್ಬರ ಮೇಲೊಬ್ಬರು ಬಿದ್ದು ಇಣುಕಿದರು. ದುಂಡನೆಯ ಬೆಳಕಿನಲ್ಲಿ ಒಂದು ಗೆರೆ, ಗೆರೆಯ ಉದ್ದಕ್ಕೂ ಚೂಪಾದ, ಸ್ವಚ್ಛವಾದ, ಹೊಳೆಯುವ ಹರಳುಗಳು. ಬ್ರ್ನೋದಲ್ಲಿ ಕುರ್ಚಿ ಬಿದ್ದ ಸದ್ದು ಕೇಳಿಸಿತು. ಪ್ರೊಫೆಸರ್ ಹಾನಾ ಎದ್ದು ನಿಂತಿದ್ದರು.

"ದೇವರೇ, ಎಂಥ ಹರಳು! ಯಾವ ಕುದುರೆಯದು ಆ ಕೂದಲು?"

ದೊಡ್ಡಪ್ಪ ಕೊರಳಪಟ್ಟಿ ಬಿಟ್ಟು ಫೋನು ಕಿತ್ತುಕೊಂಡರು. "ನನ್ನ ಕುದುಲೆ, ಮೇಡಂ. ತುಲ್ಪಾಲ್ ಅಂತ ಹೆಸಲು. ಬಲ್ಕೊಳ್ಳಿ."

"ನೀವೇ ತಾನೆ ತೀರಿಕೊಂಡ ದೊಡ್ಡಪ್ಪ?"

"ನಾನೇ," ಎಂದರು ದೊಡ್ಡಪ್ಪ ಹೆಮ್ಮೆಯಿಂದ. "ಈ ಹುಡುಗ ದಡ್ಡ, ಮೇಡಂ. ಆದ್ಲೆ ಸುಳ್ಳ ಅಲ್ಲ. ಸುಳ್ಳು ಹೇಳೋಕೆ ಬುದ್ಧಿ ಬೇಕು."

ಪ್ರೊಫೆಸರ್ ನಗತೊಡಗಿದರು. ಕಣ್ಣೀರು ಒರೆಸಿಕೊಂಡು ಮತ್ತೆ ನಕ್ಕರು. "ಜೊಲಾಮನ್, ಜಾಗ ನಿಮ್ಮದು! ಬರುವಾಗ ಆ ಬಾಲವನ್ನು ಮರೆಯದೆ ತನ್ನಿ."

ಆಮೇಲೆ ಆದ ಗದ್ದಲವನ್ನು ಹೇಳಿ ಪೂರೈಸುವುದಿಲ್ಲ. ಹೆಂಗಸರು ಮಿಠಾಯಿ ತೂರಿದರು. ಅಕಿಮ್ ಸಾಹೇಬರು ಶ್ರದ್ಧಾಂಜಲಿಯ ಕಾಗದದಲ್ಲಿ 'ದಿವಂಗತ' ಎಂದಿದ್ದಲ್ಲೆಲ್ಲ 'ಗಡಿ ಕಾಯಲು ಹೊರಟ' ಎಂದು ತಿದ್ದಿ ಜೊಲಾಮನ್‌ನ ಮೇಲೆ ಓದಿದರು. ದೊಡ್ಡಮ್ಮ ಉಣ್ಣೆ ತರಲು ಹೇಳಿ ಕಳಿಸಿದರು. ದೊಡ್ಡಪ್ಪ ಯಾರ್ಯಾರು ಅಳಲು ಬಂದಿದ್ದರು, ಯಾರ್ಯಾರು ಬಂದಿರಲಿಲ್ಲ ಎಂದು ವಿಚಾರಿಸಿ, ಎಲ್ಲರಿಗಿಂತ ಹೆಚ್ಚು ಅತ್ತವನು ತುರ್ಸಿಂಬೆಕ್ ಎಂದು ಕೇಳಿ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ತುರ್ಸಿಂಬೆಕ್ ಮೋಟು ಬಾಲದತ್ತ ನೋಡಿ ಬಾಯಿ ತೆರೆದ, ಮತ್ತೆ ಮುಚ್ಚಿದ.

"ಹೇಳು, ಹೇಳು," ಎಂದರು ದೊಡ್ಡಪ್ಪ.

"ಏನಿಲ್ಲ ಅಣ್ಣಾ. ಈಗ... ಈಗ ಸ್ವಲ್ಪ ಹಾಗೇ ಕಾಣುತ್ತೆ, ಅಷ್ಟೇ."

ದೊಡ್ಡಪ್ಪ ಗಹಗಹಿಸಿ ನಕ್ಕರು. ನಾಲಿಗೆಯ ಜೋಮು ಪೂರ್ತಿ ಇಳಿದಿತ್ತು. ಬಾಲ ಬೆಳೆಯುವವರೆಗೆ ತುಲ್ಪಾರ್ ನೊಣ ಓಡಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಅವರೇ ತೀರ್ಪು ಕೊಟ್ಟರು: ವೀಸಾ ಬರುವವರೆಗೆ ಪ್ರತಿ ಭಾನುವಾರ ಡಾಕ್ಟರ್ ಜೊಲಾಮನ್ ಕುದುರೆಯ ಹಿಂದೆ ನಿಂತು ಬೀಸಣಿಗೆ ಬೀಸಬೇಕು.

ಊಟಕ್ಕೆ ಕೂತಾಗ ಹಿರಿಯರ ಗೌರವಕ್ಕೆ ಸಲ್ಲುವ ಕುರಿಯ ತಲೆಯನ್ನು ತಟ್ಟೆಯಲ್ಲಿಟ್ಟು ತಂದು ಸಪರ್‌ಗಲಿಯ ಮುಂದೆ ಇಟ್ಟರು. ತಮ್ಮ ಹೆಸರಿನಲ್ಲೇ ಕಡಿದ ಕುರಿ. ಅದನ್ನು ಹಂಚುವುದು ಹಿರಿಯರ ಕೆಲಸ, ಯಾರಿಗೆ ಯಾವ ತುಂಡು ಸಲ್ಲಬೇಕೋ ಅದನ್ನು ಅವರೇ ಕೊಯ್ದು ಕೊಡಬೇಕು. ದೊಡ್ಡಪ್ಪ ಚಾಕು ಎತ್ತಿ, ಒಂದು ಕಿವಿಯನ್ನು ನಾಜೂಕಾಗಿ ಕೊಯ್ದು, ಕಣ್ಣಿನಲ್ಲಿ ನೀರು ತುಂಬಿಕೊಂಡು ಜೊಲಾಮನ್‌ನತ್ತ ಚಾಚಿದರು.

"ತಗೋ ಮಗಾ, ಚೆನ್ನಾಗಿ ಅಗಿದು ತಿನ್ನು. ಅಲ್ಲಿ ಹೋದಮೇಲೆ ಆ ಯಮ್ಮ ಏನಾದ್ರೂ ಹೇಳಿದ್ರೆ, ಪೂರ್ತಿ ಕೇಳು."

ಜೊಲಾಮನ್ ಎರಡೂ ಕೈಯೊಡ್ಡಿ ಕಿವಿ ತೆಗೆದುಕೊಂಡ. ಅವನ ಮನಸ್ಸು ಆಗಲೇ ಬ್ರ್ನೋದ ಹರಳುಗಳ ನಡುವೆ ಓಡಾಡುತ್ತಿತ್ತು.

"ಕೇಳಿಸ್ತೇನೋ?"

"ಹ್ಞೂಂ ದೊಡ್ಡಪ್ಪ," ಎಂದ ಜೊಲಾಮನ್. "ಏನಂದ್ರಿ?"